ಸಾಗರ ರಸ್ತೆಯ ಒಂದು ಗ್ಯಾರೇಜು: ಕಣ್ಣೆದುರೇ ಆಯಿಲ್ ಚೇಂಜ್ ಆಗಬೇಕು ಅನ್ನುವವರಿಗೆ

ಇದು ಗ್ಯಾರೇಜಿನ ಪೂರ್ತಿ ರಿವ್ಯೂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ನಾನು ಎಂಜಿನ್ ಬಿಚ್ಚಿಸಿಲ್ಲ, ಕ್ಲಚ್ ಪ್ಲೇಟ್ ಹಾಕಿಸಿಲ್ಲ. ಬರೀ ಆಯಿಲ್ ಚೇಂಜ್ ಬಗ್ಗೆ ಬರೆಯುತ್ತಿದ್ದೇನೆ. ಆಯಿಲ್ ಚೇಂಜ್‌ಗೂ ರಿವ್ಯೂ ಬೇಕಾ ಅಂತ ಕೇಳಬಹುದು. ಬೇಕು. ಶಿವಮೊಗ್ಗದಲ್ಲಿ ಹತ್ತು ನಿಮಿಷದಲ್ಲಿ ಹಳೆ ಆಯಿಲ್ ಇಳಿಸಿ ಹೊಸದು ಸುರಿದು ದುಡ್ಡು ತಗೊಳ್ಳುವ ಜಾಗಗಳು ಬೇಕಾದಷ್ಟಿವೆ, ಅದೇ ಕೆಲಸವನ್ನು ಅರ್ಧ ಗಂಟೆ ತಗೊಂಡು ಸರಿಯಾಗಿ ಮಾಡುವವರು ಕಡಿಮೆ.

ಜಾಗ ಸಾಗರ ರಸ್ತೆಯಲ್ಲಿ, ಆಟೋ ಕಾಂಪ್ಲೆಕ್ಸ್ ದಾಟಿ ಗಾಡಿಕೊಪ್ಪದ ಕಡೆಗೆ. ಒಂದು ಶೀಟಿನ ಮಾಡು, ಮುಂದೆ ಸಿಮೆಂಟ್ ನೆಲ. ಬೋರ್ಡಿನಲ್ಲಿ ಆಯಿಲ್ ಕಂಪನಿಯ ಹೆಸರೇ ದೊಡ್ಡದಾಗಿದೆ, ಅಂಗಡಿಯ ಹೆಸರು ಬಿಸಿಲು ಮಳೆಗೆ ಮಾಸಿಹೋಗಿದೆ. ಹೆಸರು ಬರೆಯಲಾ ಅಂತ ಕೇಳಿದ್ದಕ್ಕೆ ಮೇಸ್ತ್ರಿ, "ಬೇಡ ಮಾರಾಯ್ರೆ, ಈಗ ಬರೋ ಗಾಡೀನೇ ಜಾಸ್ತಿ" ಅಂದರು. ಹಾಗಾಗಿ ಹೆಸರಿಲ್ಲ. ಇಬ್ಬರೇ ಇರುವುದು. ಒಬ್ಬರು ಐವತ್ತು ದಾಟಿದ ಮೇಸ್ತ್ರಿ, ಇನ್ನೊಬ್ಬ ಐಟಿಐ ಮುಗಿಸಿದ ಹುಡುಗ. ಆಯಿಲ್ ಕೆಲಸ ಹುಡುಗನೇ ಮಾಡುತ್ತಾನೆ, ಕೊನೆಗೆ ಆಯಿಲ್ ಮಟ್ಟ ತೋರಿಸುವ ಕಡ್ಡಿ ನೋಡುವುದು ಮಾತ್ರ ಮೇಸ್ತ್ರಿ.

ನನ್ನದು ಸ್ಪ್ಲೆಂಡರ್ ಪ್ಲಸ್. ತೀರ್ಥಹಳ್ಳಿ ಕಡೆಯಿಂದ ಓಡಾಟ, ಮಂಡಗದ್ದೆ, ಗಾಜನೂರು ದಾಟಿ ಬರುವ ದಾರಿ. ಅಲ್ಲಿಂದ ನೇರ ಬಂದು ಗಾಡಿ ನಿಲ್ಲಿಸಿ "ಆಯಿಲ್ ಚೇಂಜ್ ಮಾಡಿ" ಅಂದರೆ ಇಲ್ಲಿ ಮಾಡುವುದಿಲ್ಲ. "ಚಾ ಕುಡ್ಕೊಂಡು ಬನ್ನಿ ಸಾರ್" ಅಂತಾನೆ ಹುಡುಗ. ಕೆಲವರಿಗೆ ಇದೇ ಸಿಟ್ಟು. ನನ್ನ ಮುಂದೇನೇ ಒಬ್ಬರು ಬೈದುಕೊಂಡು ಗಾಡಿ ತಿರುಗಿಸಿಕೊಂಡು ಹೋದರು. ಆದರೆ ಅವನು ಹೇಳುವುದರಲ್ಲಿ ಅರ್ಥ ಇದೆ. 60 ಕಿಲೋಮೀಟರ್ ಒಂದೇ ಸಮ ಓಡಿಬಂದ ಗಾಡಿಯ ಆಯಿಲ್ 100 ಡಿಗ್ರಿ ಹತ್ತಿರ ಇರಬಹುದು. ಆಯಿಲ್ ಇಳಿಸಲಿಕ್ಕೆ ಎಂಜಿನ್ ತಳದಲ್ಲಿರುವ ಬೋಲ್ಟ್ ಕೊನೆಯ ಸುತ್ತು ಬಿಚ್ಚಿ ಬರುವಾಗ ಆ ಆಯಿಲ್ ಬೆರಳಿನ ಮೇಲಿಂದಲೇ ಇಳಿಯುವುದು. ಆಯಿಲ್ ನೀರಿನ ಹಾಗೆ ಜಾರಿಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಪಕ್ಕದಲ್ಲೇ ಸೈಲೆನ್ಸರ್‌ನ ಬೆಂಡ್ ಪೈಪ್ ಬೇರೆ, ಅದು ಆಯಿಲ್‌ಗಿಂತ ಎಷ್ಟೋ ಪಟ್ಟು ಬಿಸಿ.

ಹಾಗಂತ ಪೂರ್ತಿ ತಣ್ಣಗಿರುವ ಗಾಡಿಯನ್ನೂ ಇವರು ಬಿಚ್ಚುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಮಂದವಾಗಿರುತ್ತದೆ, ಕೊಳೆಯೆಲ್ಲ ತಳದಲ್ಲಿ ಕೂತಿರುತ್ತದೆ. ಮೂರು ನಾಲ್ಕು ನಿಮಿಷ ಎಂಜಿನ್ ಸುಮ್ನೆ ಓಡಿಸಿ, ಆಫ್ ಮಾಡಿ, ಸ್ವಲ್ಪ ಬಿಟ್ಟು ಬಿಚ್ಚುತ್ತಾರೆ. ಕೊಳೆ ಆಯಿಲ್ ಜೊತೆ ಕಲಸಿಕೊಂಡು ಹೊರಗೆ ಬರುತ್ತದೆ. ಮುಟ್ಟಿದರೆ ಬೆಚ್ಚಗಿರಬೇಕು, ಕೈ ಹಿಂದೆ ಎಳೆದುಕೊಳ್ಳುವ ಹಾಗೆ ಇರಬಾರದು. ಲೆಕ್ಕ ಅಷ್ಟೇ.

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ, ಅದೂ ಸಿಮೆಂಟ್ ನೆಲದ ಮೇಲೆ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿಕೊಂಡು ಬಿಚ್ಚುವುದನ್ನು ಬೇರೆ ಕಡೆ ಬೇಕಾದಷ್ಟು ನೋಡಿದ್ದೇನೆ. ಆಗ ಒಂದು ಮೂಲೆಯಲ್ಲಿ ಹಳೆ ಆಯಿಲ್ ಉಳಿದೇಬಿಡುತ್ತದೆ. ಇಲ್ಲಿ ಟ್ರೇ ಇಟ್ಟು, 17ರ ರಿಂಗ್ ಸ್ಪ್ಯಾನರ್‌ನಲ್ಲಿ ಬೋಲ್ಟ್ ಸಡಿಲ ಮಾಡಿ, ಕೈಗೆ ಗ್ಲೌಸ್ ಹಾಕಿಕೊಂಡು ಬೆರಳಿನಲ್ಲಿ ತಿರುಗಿಸುತ್ತಾನೆ. ತಿರುಗಿಸುವಾಗ ಬೋಲ್ಟನ್ನು ಮೇಲಕ್ಕೇ ಒತ್ತಿ ಹಿಡಿದಿರುತ್ತಾನೆ. ಥ್ರೆಡ್ ಮುಗಿದದ್ದು ಬೆರಳಿಗೆ ಗೊತ್ತಾದ ಕೂಡಲೇ ಸಟ್ಟನೆ ಪಕ್ಕಕ್ಕೆ ಸರಿಸುತ್ತಾನೆ, ಕೈಗೆ ಒಂದು ಹನಿಯೂ ತಾಗುವುದಿಲ್ಲ. ಮೇಲಿನ ಆಯಿಲ್ ಮುಚ್ಚಳ ಮೊದಲೇ ತೆಗೆದಿಟ್ಟಿರುತ್ತಾನೆ, ಗಾಳಿ ಒಳಗೆ ಹೋದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ಧಾರೆ ನಿಂತ ಮೇಲೆ ಕೀ ಆಫ್ ಇದೆಯಾ ನೋಡಿಕೊಂಡು ನಾಲ್ಕು ಸಲ ನಿಧಾನಕ್ಕೆ ಕಿಕ್ಕರ್ ಒತ್ತುತ್ತಾನೆ. ಇನ್ನೊಂದಿಷ್ಟು ಕಪ್ಪು ಆಯಿಲ್ ಗುಳುಕ್ ಅಂತ ಬರುತ್ತದೆ. ಅವಸರದವರು ಇದನ್ನೆಲ್ಲ ಒಳಗೇ ಬಿಟ್ಟು ಮೇಲೆ ಹೊಸದು ಸುರಿಯುತ್ತಾರೆ.

ನನಗೆ ಈ ಗ್ಯಾರೇಜ್ ಹಿಡಿಸಿದ್ದು ಒಂದು ವಾಷರ್‌ನಿಂದ. ಬೋಲ್ಟಿಗೆ ಹಾಕುವ ಸಣ್ಣ ಬಳೆ ಅದು, ಕೆಲವು ಗಾಡಿಯಲ್ಲಿ ತಾಮ್ರದ್ದು, ಕೆಲವದರಲ್ಲಿ ಅಲ್ಯೂಮಿನಿಯಂದು. ಬೆಲೆ ಕೇಳಿದರೆ ನಗು ಬರುತ್ತದೆ. ಒಂದು ಸಲ ಬಿಗಿ ಮಾಡಿದರೆ ಅದು ಚಪ್ಪಟೆಯಾಗಿ ಸಂದು ಮುಚ್ಚಿಕೊಳ್ಳುತ್ತದೆ, ಅದರ ಕೆಲಸವೇ ಅದು. ಹಳೆಯದನ್ನೇ ಮತ್ತೆ ಮತ್ತೆ ಹಾಕಿದರೆ ಸರಿಯಾಗಿ ಕೂರುವುದಿಲ್ಲ, ಹನಿ ಜಿನುಗುತ್ತದೆ. ಜಿನುಗುತ್ತದೆ ಅಂತ ಮೆಕ್ಯಾನಿಕ್ ಇನ್ನೂ ಬಿಗಿ ಮಾಡುತ್ತಾನೆ. ಮುಂದಿನ ಸಲ ಇನ್ನೂ ಒಂಚೂರು. ಕೊನೆಗೆ ಒಂದು ದಿನ ಬೋಲ್ಟ್ ಸುಮ್ನೆ ತಿರುಗುತ್ತಲೇ ಇರುತ್ತದೆ. ಬೋಲ್ಟ್ ಉಕ್ಕಿನದು, ಎಂಜಿನ್ ತಳ ಅಲ್ಯೂಮಿನಿಯಂದು, ಥ್ರೆಡ್ ಹೋಗುವುದು ಯಾವಾಗಲೂ ಎಂಜಿನ್‌ದೇ. ಆಮೇಲೆ ಲೇತ್ ಅಂಗಡಿಗೆ ಓಡಾಟ, ಹೊಸ ಥ್ರೆಡ್ ಹೊಡೆಸುವುದು, ಇಲ್ಲವೇ ಹಾಳಾದ ಥ್ರೆಡ್ ಬದಲಿಗೆ ಒಳಗೆ ತಂತಿ ಸುರುಳಿಯ ಕಾಯಿಲ್ ಕೂರಿಸುವುದು. ಹುಡುಗ ನನಗೆ ನನ್ನದೇ ಗಾಡಿಯ ಹಳೆ ವಾಷರ್ ತೋರಿಸಿದ. ಒಂದು ಬದಿ ಉಗುರಿಗೆ ಸಿಕ್ಕುವಷ್ಟು ಗೀರು ಬಿದ್ದಿತ್ತು, ಇನ್ನೊಂದು ಬದಿ ಸವೆದು ಕಾಗದದಷ್ಟು ತೆಳ್ಳಗೆ. ಎಷ್ಟು ವರ್ಷದಿಂದ ಅದೇ ಇತ್ತೋ. ಗೋಡೆಯ ಮೊಳೆಯಲ್ಲಿ ಇಂಥ ವಾಷರ್‌ಗಳ ಒಂದು ಸರವನ್ನೇ ತೂಗುಹಾಕಿದ್ದಾನೆ, ಗಿರಾಕಿಗಳಿಗೆ ತೋರಿಸಲಿಕ್ಕೆ.

ಬೋಲ್ಟ್ ವಾಪಸ್ ಹಾಕುವಾಗಲೂ ಮೊದಲು ಕೈಯಲ್ಲೇ. ಪೂರ್ತಿ ಕೈಯಲ್ಲಿ ಹೋಗಬೇಕು. ಮಧ್ಯೆ ಬಿಗಿ ಅನ್ನಿಸಿದರೆ ಥ್ರೆಡ್ ಓರೆ ಕಚ್ಚಿದೆ ಅಂತ ಲೆಕ್ಕ, ಹಿಂದೆ ತಿರುಗಿಸಿ ಮತ್ತೆ ಶುರು. ಕೊನೆಗಷ್ಟೇ ಸ್ಪ್ಯಾನರ್, ಅದೂ ಪೈಪ್ ಸಿಕ್ಕಿಸಿ ಜಗ್ಗುವುದಲ್ಲ. ಸಡಿಲ ಬಿಟ್ಟರೆ ಇನ್ನೂ ಕೆಟ್ಟದ್ದು ಬಿಡಿ. ಆಯಿಲ್ ಸೋರಿ ಹಿಂದಿನ ಟೈರಿಗೆ ಬಿತ್ತು ಅಂದರೆ ಆಗುಂಬೆ ಘಾಟಿಯ ತಿರುವಿನಲ್ಲಿ ಗಾಡಿ ಕೈಯಲ್ಲಿ ನಿಲ್ಲುವುದಿಲ್ಲ. ಅಲ್ಲಿವರೆಗೆ ಹೋಗದಿದ್ದರೂ ಆಯಿಲ್ ಖಾಲಿಯಾಗಿ ಎಂಜಿನ್ ಜಾಮ್ ಆಗಬಹುದು. ಅದಕ್ಕೇ ಕೆಲಸ ಮುಗಿದ ಮೇಲೆ ಹುಡುಗ ತಳ ಒರೆಸಿ ಒಣಗಿಸಿ, ಎಂಜಿನ್ ಓಡಿಸಿ, ಬೋಲ್ಟಿನ ಸುತ್ತ ಬಿಳಿ ಬಟ್ಟೆ ಆಡಿಸಿ ನೋಡುತ್ತಾನೆ.

ಇನ್ನು ಯಾವ ಆಯಿಲ್ ಅನ್ನುವ ವಿಷಯ. ಇಲ್ಲಿ ಮೇಸ್ತ್ರಿ ಸ್ವಲ್ಪ ಹಟಮಾರಿ. ನೀವೇ ಡಬ್ಬಿ ತಂದರೆ ಬೇಡ ಅನ್ನುವುದಿಲ್ಲ, ಆದರೆ ಹಿಂದೆ ತಿರುಗಿಸಿ ಓದಿಯೇ ಮುಚ್ಚಳ ತೆಗೆಯುವುದು. ನನ್ನ ಗಾಡಿಯ ಪುಸ್ತಕ ಹೇಳುವುದು 10ಡಬ್ಲ್ಯೂ-30. ಪಲ್ಸರ್ 150ರವರು 20ಡಬ್ಲ್ಯೂ-50 ತರುತ್ತಾರೆ, ಬುಲೆಟ್‌ನವರು 15ಡಬ್ಲ್ಯೂ-50. ಮುಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ, ಹಿಂದಿನದು ಎಂಜಿನ್ ಬಿಸಿಯಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. "ದಪ್ಪ ಆಯಿಲ್ ಹಾಕಿ, ಎಂಜಿನ್ ಸೌಂಡ್ ಕಮ್ಮಿ ಆಗುತ್ತೆ" ಅಂತ ಕೇಳುವವರು ಇದ್ದಾರೆ. ಸೌಂಡ್ ಕಮ್ಮಿ ಆಗಬಹುದು, ಆದರೆ ತೆಳ್ಳಗಿನ ಆಯಿಲ್‌ಗೆ ಅಂತಲೇ ಮಾಡಿದ ಎಂಜಿನ್‌ನಲ್ಲಿ ಅದು ಮೇಲಿನ ತನಕ ಹೋಗುವುದು ತಡ. ಡಿಸೆಂಬರ್ ಬೆಳಗ್ಗೆ ಕಿಕ್ ಹೊಡೆಯುವಾಗ ಕಾಲಿಗೇ ಗೊತ್ತಾಗುತ್ತದೆ.

ಅದಕ್ಕಿಂತ ಮುಖ್ಯ ಡಬ್ಬಿಯ ಮೇಲಿನ ಜಾಸೊ ಅನ್ನುವ ಗುರುತು. ಜಪಾನಿನ ಮಾನದಂಡ ಅದು. ಗೇರ್ ಇರುವ ಬೈಕಿಗೆ ಎಂಎ ಅಥವಾ ಎಂಎ2, ಸ್ಕೂಟರಿಗೆ ಎಂಬಿ. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ, ಗೇರ್‌ಗೂ ಅದೇ ಆಯಿಲ್. ಸ್ಕೂಟರಿನಲ್ಲಿ ಕ್ಲಚ್ ಒಣಗಿನದು, ಆಯಿಲ್ ತಾಗುವುದಿಲ್ಲ. ಹಾಗಾಗಿ ಸ್ಕೂಟರ್ ಆಯಿಲ್ ಜಾರುಗುಣ ಜಾಸ್ತಿ ಇರುವ ಹಾಗೆ ಮಾಡಿರುತ್ತಾರೆ. ಕಾರಿನ ಕೆಲವು ಆಯಿಲ್‌ಗಳೂ ಹಾಗೆಯೇ. ಅದನ್ನು ಬೈಕಿಗೆ ಸುರಿದರೆ ಎಂಜಿನ್‌ಗೆ ಏನೂ ಆಗದೇ ಇರಬಹುದು, ಕ್ಲಚ್ ಜಾರಲು ಶುರುವಾಗುತ್ತದೆ. ಆಕ್ಸಿಲೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಮನೆಯಲ್ಲಿ ಕಾರಿಗೆ ತಂದು ಉಳಿದ ಆಯಿಲ್ ಇದೆ ಅಂತ ಬಾಟ್ಲಿ ಹಿಡಿದುಕೊಂಡು ಬಂದವರೊಬ್ಬರನ್ನು ಮೇಸ್ತ್ರಿ ವಾಪಸ್ ಕಳಿಸಿದ್ದನ್ನು ನೋಡಿದೆ. "ಬಾಗಿಲ ಸಂದಿಗೆ ಹಾಕಿ ಸಾರ್, ಬೈಕಿಗೆ ಬೇಡ" ಅಂದರು. ಮುಖ ಸ್ವಲ್ಪ ಸೌಮ್ಯ ಮಾಡಿಕೊಂಡು ಹೇಳಬಹುದಿತ್ತು, ಆದರೆ ವಿಷಯ ಸರಿ.

ಡಬ್ಬಿಯ ಸೀಲ್ ನಿಮ್ಮ ಮುಂದೇ ಒಡೆಯುತ್ತಾರೆ. ಖಾಲಿ ಡಬ್ಬಿ ಬೇಕಾ ಅಂತ ಕೇಳುತ್ತಾರೆ, ಬೇಡ ಅಂದರೆ ಅದರ ಹೊಟ್ಟೆಗೆ ಸ್ಕ್ರೂಡ್ರೈವರ್ ಚುಚ್ಚಿ ಮೂಲೆಗೆ ಎಸೆಯುತ್ತಾರೆ. ಚಂದದ ಖಾಲಿ ಡಬ್ಬಿ ಗುಜರಿಗೆ ಹೋಗಿ ಮತ್ತೆ ತುಂಬಿಕೊಂಡು ಬರುವ ದಾರಿ ಮುಚ್ಚಲಿಕ್ಕೆ ಇದಕ್ಕಿಂತ ಸುಲಭದ ಉಪಾಯ ಇಲ್ಲ. ನಕಲಿ ಆಯಿಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಡಬ್ಬಿ ಚುಚ್ಚುವವರು ಎಷ್ಟು ಜನ?

ಅಳತೆ ವಿಷಯಕ್ಕೆ ಬರುತ್ತೇನೆ. ಗಾಡಿಯ ಪುಸ್ತಕದಲ್ಲಿ ಎರಡು ಅಂಕಿ ಇರುತ್ತದೆ. ಒಂದು ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದಾಗ ಹಾಕಬೇಕಾದದ್ದು, ಇನ್ನೊಂದು ಬರೀ ಆಯಿಲ್ ಇಳಿಸಿ ತುಂಬುವಾಗ ಹಾಕುವುದು. ಎರಡನೆಯದು ಕಡಿಮೆ, ಯಾಕಂದರೆ ಸಂದುಗೊಂದುಗಳಲ್ಲಿ ಸ್ವಲ್ಪ ಹಳೆಯದು ಉಳಿದೇ ಇರುತ್ತದೆ. 100 ಸಿಸಿ ಗಾಡಿಗಳಿಗೆ ಒಂದು ಲೀಟರ್ ಪೂರ್ತಿ ಬೇಡ, ಅದಕ್ಕೇ ಅಂಗಡಿಯಲ್ಲಿ 800, 900 ಎಂಎಲ್ ಡಬ್ಬಿ ಸಿಗುವುದು. "ಒಂದು ಲೀಟರ್ ತಂದಿದ್ದೀನಿ, ಪೂರ್ತಿ ಹಾಕಿಬಿಡಿ, ಉಳಿಸಿ ಏನು ಮಾಡಲಿ" ಅನ್ನುವ ಬುದ್ಧಿ ನಮ್ಮಲ್ಲಿ ಜಾಸ್ತಿ. ಜಾಸ್ತಿ ಆದ ಆಯಿಲನ್ನು ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಕಡೆಗೋಲಿನ ಹಾಗೆ ಕಡೆಯುತ್ತದೆ. ನೊರೆ ಬರುತ್ತದೆ, ನೊರೆ ಎಂಜಿನ್‌ಗೆ ಜಾರಿಕೆ ಕೊಡುವುದಿಲ್ಲ. ಒತ್ತಡ ಜಾಸ್ತಿಯಾಗಿ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್‌ನಿಂದ ಏರ್ ಫಿಲ್ಟರ್ ಡಬ್ಬಿಗೂ ಆಯಿಲ್ ಹೋಗಬಹುದು.

ಇಲ್ಲಿ ಆಲಿಕೆ ಇಟ್ಟು ಮುಕ್ಕಾಲು ಸುರಿದು, ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಮತ್ತೆ ಎರಡು ಮೂರು ನಿಮಿಷ ಬಿಡುತ್ತಾರೆ. ಆಗ ಮೇಸ್ತ್ರಿ ಬರುತ್ತಾರೆ. ಕಡ್ಡಿ ತೆಗೆದು ಒರೆಸಿ, ವಾಪಸ್ ಇಟ್ಟು, ತೆಗೆದು ನೋಡುತ್ತಾರೆ. ಇಡುವಾಗ ತಿರುಗಿಸಿ ಬಿಗಿ ಮಾಡುವುದಿಲ್ಲ, ಥ್ರೆಡ್ ಮೇಲೆ ಸುಮ್ನೆ ಕೂರಿಸುತ್ತಾರೆ. ನನ್ನ ಗಾಡಿಯ ಪುಸ್ತಕದಲ್ಲೂ ಹಾಗೇ ಇದೆ. ತಿರುಗಿಸಿ ನೋಡಿದರೆ ಕಡ್ಡಿ ಇನ್ನಷ್ಟು ಆಳಕ್ಕೆ ಹೋಗಿ, ಆಯಿಲ್ ಕಡಿಮೆ ಇದ್ದರೂ ಸರಿ ಇದೆ ಅಂತ ತೋರಿಸುತ್ತದೆ. ಮೇಲಿನ ಗೆರೆ, ಕೆಳಗಿನ ಗೆರೆ ಎರಡರ ಮಧ್ಯೆ, ಮೇಲಿನದಕ್ಕೆ ಹತ್ತಿರ ಬರುವ ತನಕ ಸಣ್ಣ ಸಣ್ಣ ಹನಿಯಾಗಿ ಸೇರಿಸುತ್ತಾರೆ. ಕಡ್ಡಿ ನಿಮಗೂ ತೋರಿಸುತ್ತಾರೆ. ಹೊಸ ಆಯಿಲ್ ಜೇನಿನ ಬಣ್ಣಕ್ಕಿರುವುದರಿಂದ ಗೆರೆ ಸರಿಯಾಗಿ ಕಾಣುವುದಿಲ್ಲ, ಬೆಳಕಿಗೆ ಓರೆ ಹಿಡಿದು ನೋಡಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು, ಇದು ನಾನು ಇಲ್ಲೇ ಕಲಿತದ್ದು. ಆಯಿಲ್ ಕಪ್ಪಾಗಿದೆ ಅಂದ ಮಾತ್ರಕ್ಕೆ ಹಾಳಾಗಿದೆ ಅಂತ ಅಲ್ಲ. ಎಂಜಿನ್ ಒಳಗಿನ ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದುಕೊಳ್ಳುವುದು ಆಯಿಲ್‌ನ ಕೆಲಸ, ಕಪ್ಪಾಗಲೇಬೇಕು. ಬಿಸಿ ಆಯಿಲ್ ಬೆರಳಲ್ಲಿ ಉಜ್ಜಿ "ನೋಡಿ ಸಾರ್, ನೀರಾಗಿದೆ" ಅನ್ನುವುದೂ ಅಷ್ಟೇ, ಬಿಸಿ ಇದ್ದಾಗ ಹೊಸ ಆಯಿಲೂ ತೆಳ್ಳಗೇ ಇರುತ್ತದೆ. ಹೆದರಬೇಕಾದ ಬಣ್ಣ ಬೇರೆ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ ಅಂತ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಂಥ ಗಾಡಿಗಳು ಬರುತ್ತಲೇ ಇರುತ್ತವೆ ಅಂತ ಮೇಸ್ತ್ರಿ ಹೇಳುತ್ತಾರೆ. ಹಳ್ಳ ದಾಟಿಸಿದ ಗಾಡಿ, ಮಳೆಯಲ್ಲಿ ದಿನಗಟ್ಟಲೆ ನಿಂತ ಗಾಡಿ, ಆಯಿಲ್ ಮುಚ್ಚಳದ ರಬ್ಬರ್ ಹೋದ ಗಾಡಿ. ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಅಂತ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲೂ ಸ್ವಲ್ಪ ಹೀಗಾಗುತ್ತದೆ. ಎಂಜಿನ್ ಪೂರ್ತಿ ಬಿಸಿ ಆಗುವುದೇ ಇಲ್ಲ, ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ. ಮುಚ್ಚಳದ ಒಳಬದಿಗೆ ಮಾತ್ರ ಒಂಚೂರು ಬಿಳಿ ನೊರೆ ಇದ್ದರೆ ಗಾಬರಿ ಬೇಡ, ಒಂದು ದಿನ ದೂರ ಓಡಿಸಿ ನೋಡಿ. ಇಳಿಸಿದ ಆಯಿಲೆಲ್ಲ ಹಾಗಿದ್ದರೆ ಕಿಲೋಮೀಟರ್ ಲೆಕ್ಕ ನೋಡಬೇಡಿ, ಕೂಡಲೇ ಬದಲಾಯಿಸಿ, ನೀರು ಎಲ್ಲಿಂದ ಹೋಯಿತು ಅಂತಲೂ ಹುಡುಕಿಸಿ.

ಎಷ್ಟು ಕಿಲೋಮೀಟರಿಗೆ ಅಂತ ಕೇಳುತ್ತೀರಿ. ನನ್ನ ಪುಸ್ತಕದಲ್ಲಿ 6,000, ಮಧ್ಯೆ ಕಡಿಮೆಯಾದರೆ ಟಾಪ್ ಅಪ್. ಊರಿನ ಮೆಕ್ಯಾನಿಕ್‌ಗಳೆಲ್ಲ 2,000ಕ್ಕೇ ಬನ್ನಿ ಅನ್ನುತ್ತಾರೆ. ಈ ಮೇಸ್ತ್ರಿ ಮಳೆಗಾಲ ಮುಗಿದ ಕೂಡಲೇ ಒಂದು ಸಲ ಹಾಕಿಸಿ, ಉಳಿದದ್ದು ಪುಸ್ತಕದ ಪ್ರಕಾರ ಅನ್ನುತ್ತಾರೆ. ತನ್ನ ವ್ಯಾಪಾರಕ್ಕೇ ಕಲ್ಲು ಹಾಕಿಕೊಳ್ಳುವ ಮಾತು, ಅಲ್ವಾ?

ಹೋಲಿಸಲಿಕ್ಕೆ ಒಂದು ಮಾತು ಹೇಳುತ್ತೇನೆ. ಇದಕ್ಕೆ ಮೊದಲು ನಾನು ಹೋಗುತ್ತಿದ್ದದ್ದು ಊರಿನ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ, ಹೆಸರು ಬೇಡ. ಎಸಿ ಕೋಣೆ, ಟಿವಿ, ಚಾ ಎಲ್ಲ ಇತ್ತು. ಗಾಡಿ ಮಾತ್ರ ಗಾಜಿನ ಆಚೆ, ಒಳಗೆ ಬಿಡುವುದಿಲ್ಲ. ಮನೆಗೆ ಬಂದು ಕಡ್ಡಿ ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿ ಎಲ್ಲೋ ಇತ್ತು. ಫೋನ್ ಮಾಡಿದರೆ, "ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಸಾರ್" ಅಂತ ಉತ್ತರ. ಅಲ್ಲಿಗೆ ಹೋಗುವುದು ಬಿಟ್ಟೆ. ಗ್ಯಾರಂಟಿ ಅವಧಿ ಇರುವ ಹೊಸ ಗಾಡಿಯವರು ಬಿಡಲಿಕ್ಕಾಗುವುದಿಲ್ಲ, ಬಿಲ್ ಬೇಕಾಗುತ್ತದೆ. ಅಂಥವರು ಕಡೇಪಕ್ಷ ಅಲ್ಲೇ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಕಡ್ಡಿ ನೋಡಿಕೊಂಡೇ ಹೊರಡಿ.

ಹಳೆ ಆಯಿಲ್ ಏನು ಮಾಡುತ್ತಾರೆ ಅಂತ ನಾನು ವಿಶೇಷವಾಗಿ ನೋಡಿದೆ. ಟ್ರೇಯಿಂದ ನೇರ ಮುಚ್ಚಳದ ಡ್ರಮ್ಮಿಗೆ. ಡ್ರಮ್ ತುಂಬಿದರೆ ಒಯ್ಯಲಿಕ್ಕೆ ಜನ ಬರುತ್ತಾರೆ. ಹಳೆ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ ಅಂತಲೇ 2016ರ ಕೇಂದ್ರ ನಿಯಮಗಳಲ್ಲಿದೆ, ಪರವಾನಗಿ ಇದ್ದವರಿಗೇ ಕೊಡಬೇಕು. ನಮ್ಮ ಕಡೆ ಮನೆಯಲ್ಲೇ ಆಯಿಲ್ ಬದಲಾಯಿಸುವವರು ಹಿತ್ತಲಿನ ಚರಂಡಿಗೆ ಚೆಲ್ಲುವುದುಂಟು. ಆ ಚರಂಡಿ ಹಳ್ಳಕ್ಕೆ, ಹಳ್ಳ ತುಂಗೆಗೆ. ಬೇಲಿ ಗೂಟಕ್ಕೆ ಗೆದ್ದಲು ಬಾರದಿರಲಿ ಅಂತ ಬಳಿಯುವುದೂ ಹಳೆ ಅಭ್ಯಾಸ. ಗೂಟ ಇರುವುದು ತೋಟದ ಮಣ್ಣಿನಲ್ಲಿ, ಮಳೆಗೆ ಅದು ತೊಳೆದು ಎಲ್ಲಿಗೆ ಹೋಗುತ್ತದೆ ಅಂತ ಯೋಚನೆ ಮಾಡಿ. ಮನೆಯಲ್ಲಿ ಬದಲಾಯಿಸಿದವರು ಡಬ್ಬಿಯಲ್ಲಿ ತುಂಬಿ ತಂದುಕೊಟ್ಟರೆ ಇವರು ಡ್ರಮ್ಮಿಗೆ ಹಾಕಿಕೊಳ್ಳುತ್ತಾರೆ, ದುಡ್ಡು ಕೇಳುವುದಿಲ್ಲ. ನೀರು, ಪೆಟ್ರೋಲ್ ಬೆರೆಸಿರಬಾರದು ಅಷ್ಟೇ.

ಹಾಗಾದರೆ ಮನೆಯಲ್ಲೇ ಮಾಡಿಕೊಳ್ಳಬಹುದಾ? ಧಾರಾಳವಾಗಿ. ಮೇಲೆ ಬರೆದದ್ದನ್ನೇ ಮಾಡಿ. ಎರಡು ಮೂರು ವಿಷಯ ಮಾತ್ರ ಸೇರಿಸುತ್ತೇನೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ತಿರುಗುವ ತನಕ ಗೊತ್ತಾಗುವುದಿಲ್ಲ. ಅಂಗಳದ ಮಣ್ಣಿನಲ್ಲಿ ಸೆಂಟರ್ ಸ್ಟ್ಯಾಂಡ್ ಹೂತುಹೋಗಿ ಗಾಡಿ ವಾಲುತ್ತದೆ, ಮಳೆಗಾಲದಲ್ಲಂತೂ ಖಂಡಿತ, ಕೆಳಗೆ ಗಟ್ಟಿ ಹಲಗೆ ಇಡಿ. ಹಳೆ ಆಯಿಲ್ ಚರ್ಮಕ್ಕೆ ಹತ್ತಿಸಿಕೊಂಡೇ ಕೂರಬೇಡಿ, ಕೈಯನ್ನು ಪೆಟ್ರೋಲಿನಲ್ಲಿ ತೊಳೆಯಲೂಬೇಡಿ, ಸೋಪು ಸಾಕು. ಆಯಿಲ್ ಬಟ್ಟೆಯನ್ನು ಬಚ್ಚಲ ಒಲೆ ಹತ್ತಿರ ಬಿಸಾಡಬೇಡಿ. ಸ್ಕೂಟರಿನವರಿಗೆ ಇನ್ನೊಂದು. ಹಿಂದಿನ ಗೇರ್ ಆಯಿಲ್ ಬೇರೆ, ಅದಕ್ಕೆ ಬೇರೆಯೇ ಬೋಲ್ಟ್. 100-120 ಎಂಎಲ್ ಅಷ್ಟೇ ಹಿಡಿಯುತ್ತದೆ. ಎಂಜಿನ್ ಆಯಿಲ್ ಅಂದುಕೊಂಡು ಅದನ್ನು ಬಿಚ್ಚಿದರೆ ಇಲ್ಲದ ಫಜೀತಿ.

ಈಗ ತಕರಾರು. ಕೂರಲಿಕ್ಕೆ ಜಾಗ ಇಲ್ಲ, ಒಂದು ಹಳೆ ಟೈರ್ ಇದೆ, ಅದರ ಮೇಲೆ ಬೆಕ್ಕು ಮಲಗಿರುತ್ತದೆ. ಜೋರು ಮಳೆ ಬಂದರೆ ಶೀಟಿನ ಕೆಳಗೆ ಎರಡು ಗಾಡಿಗಷ್ಟೇ ಜಾಗ, ಉಳಿದವರು ನೆನೆಯಬೇಕು. ಪಕ್ಕಾ ಬಿಲ್ ಕೊಡುವುದಿಲ್ಲ, ಚೀಟಿಯಲ್ಲಿ ಕಿಲೋಮೀಟರ್ ಮತ್ತು ತಾರೀಕು ಬರೆದು ಕೊಡುತ್ತಾರೆ. ಗಾಡಿ ಮಾರುವಾಗ ಆ ಚೀಟಿಗೆ ಯಾರೂ ಬೆಲೆ ಕೊಡುವುದಿಲ್ಲ. ಮೇಸ್ತ್ರಿ ಫೋನ್ ಎತ್ತುವುದು ಅಪರೂಪ. ಆಯಿಲ್‌ಗೆ ಡಬ್ಬಿ ಮೇಲಿನ ರೇಟೇ, ಕೂಲಿ ನೂರು ರೂಪಾಯಿ, ವಾಷರ್ ಸೇರಿ. ಕೆಲವು ಕಡೆ ಆಯಿಲ್ ಅಲ್ಲೇ ಕೊಂಡರೆ ಕೂಲಿ ತಗೊಳ್ಳುವುದಿಲ್ಲ, ಹಾಗಾಗಿ ಇದು ಜಾಸ್ತಿ ಅನ್ನುವವರೂ ಇದ್ದಾರೆ. ನನಗೆ ಜಾಸ್ತಿ ಅನ್ನಿಸಲಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಉಳಿದ ಅರ್ಧ ಬಿಲ್ ಪುಸ್ತಕ ಮಾಡಿಸಿದ ಮೇಲೆ.

ಹೋಗುವವರು ಬೆಳಗ್ಗೆ ಹತ್ತೂವರೆ ಮೇಲೆ ಹೋಗಿ. ಅದಕ್ಕೆ ಮೊದಲು ಪಂಕ್ಚರ್, ಚೈನ್ ಅಂತ ಕೆಲಸಕ್ಕೆ ಹೊರಟವರ ಗದ್ದಲ ಇರುತ್ತದೆ. ಭಾನುವಾರ ಬಾಗಿಲು ಹಾಕಿರುತ್ತಾರೆ.